ಮೊದಲು ಅವನ ರೋಸ್ಟರ್ ನೋಡಿ, ಆಮೇಲೆ ಬುದ್ಧಿ ಹೇಳಿ

ನಿನ್ನೆ ಗಂಗಾವತಿಯಲ್ಲಿ ಅಕ್ಕನ ಮನೆ ಊಟದಲ್ಲಿ ಕೇಳಿದ ಮಾತುಗಳು ಇನ್ನೂ ತಲೆಯಿಂದ ಹೋಗಿಲ್ಲ. ಹಬ್ಬದ ದಿನ ಜಗಳ ಬೇಡ ಅಂತ ಅಲ್ಲಿ ಸುಮ್ನಿದ್ದೆ. ಬಳ್ಳಾರಿಗೆ ಬರುವ ದಾರಿಯುದ್ದಕ್ಕೂ ಸಿಟ್ಟು ಏರುತ್ತಲೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿದ್ದವರಲ್ಲಿ ಅರ್ಧ ಜನ ಇಲ್ಲೂ ಇದ್ದೀರಿ, ಓದಿ.

ಅಕ್ಕನ ಮಗ ಪೈಲಟ್ ಅನ್ನೋದು ನಿಮಗೆಲ್ಲ ಗೊತ್ತು. ಅವನ ಟ್ರೇನಿಂಗ್ ಸಾಲಕ್ಕೆ ಭಾವ ಗದ್ದೆ ಅಡ ಇಟ್ಟಿದ್ದು, ನಾನು ಜಾಮೀನು ಹಾಕಿದ್ದು, ಅದೂ ಗೊತ್ತು. ಈಗ ಅವನು ದೊಡ್ಡ ಕಂಪನಿಯೊಂದರಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಇರೋದು ದೆಹಲಿ ಬೇಸ್‌ನಲ್ಲಿ, ಅಂದರೆ ಡ್ಯೂಟಿ ಶುರುವಾಗುವುದು ಅಲ್ಲಿಂದ. ಇನ್ನೊಂದು ಚಿಕ್ಕ ಕಂಪನಿ ಅವನನ್ನು ಕರೆದಿದೆ. ಅದೇ ಏರ್‌ಬಸ್ ಎ320, ಬೇಸ್ ಹೈದರಾಬಾದ್, ಸಂಬಳ ಸ್ವಲ್ಪ ಜಾಸ್ತಿ. ಹೋಗಲಾ ಬೇಡವಾ ಅಂತ ಯೋಚನೆಯಲ್ಲಿದ್ದಾನೆ. ಎರಡೂ ಕಂಪನಿಗಳ ಹೆಸರು ಬರೆಯುವುದಿಲ್ಲ, ಹುಡುಗನಿಗೆ ತೊಂದರೆ ಆಗುವುದು ಬೇಡ.

ಹೋಳಿಗೆ ಬಡಿಸುವ ಮೊದಲೇ ತೀರ್ಪು ಬಂತು. "ಇರೋ ನೌಕರಿ ಬಿಡಬ್ಯಾಡಪ್ಪ." ಒಬ್ಬರು ಶುರು ಮಾಡಿದರು, ಸಾಲಿನಲ್ಲಿ ಕೂತ ಎಲ್ಲರೂ ಅದನ್ನೇ ಹೇಳಿದರು. "ದೊಡ್ಡ ಕಂಪನಿ ಅದು, ಹೆಸರಿದೆ." "ಕ್ಯಾಪ್ಟನ್ ಆಗು, ಭುಜಕ್ಕೆ ನಾಲ್ಕನೇ ಪಟ್ಟಿ ಬರಲಿ, ಆಮೇಲೆ ಎಲ್ಲಿಗಾದರೂ ಹೋಗು." "ಹೆಣ್ಣು ಕೊಡೋರು ಮೊದಲು ಕಂಪನಿ ಹೆಸರು ಕೇಳ್ತಾರೆ ನೋಡು." ಇಷ್ಟು ಮಾತಾಡಿದವರಲ್ಲಿ ಒಬ್ಬರಾದರೂ, ಒಬ್ಬರೇ ಒಬ್ಬರು, "ನಿದ್ದೆ ಸರಿಯಾಗಿ ಆಗ್ತಿದೆಯೇನೋ ನಿನಗೆ?" ಅಂತ ಕೇಳಲಿಲ್ಲ.

ನಾನು ಕೇಳಿದೆ. ಊಟ ಆದಮೇಲೆ ಪಡಸಾಲೆಯಲ್ಲಿ ಕೂತು ಫೋನ್‌ನಲ್ಲಿ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ತೋರಿಸಿದ. ಒಂದು ದಿನ ಬೆಳಗಿನ ಜಾವ 3 ಗಂಟೆಗೆ ಕ್ಯಾಬ್ ಮನೆ ಮುಂದೆ, ಎರಡು ಸೆಕ್ಟರ್, ಅಂದರೆ ಎರಡು ಸಲ ಏರಿ ಎರಡು ಸಲ ಇಳಿಯುವುದು. ಮಾರನೇ ದಿನವೂ ಹಾಗೇ. ಅದರ ಮರುದಿನ ಸಂಜೆ ಡ್ಯೂಟಿ, ಕೊನೆಗೆ ಇಳಿಯುವುದು ರಾತ್ರಿ 1 ಗಂಟೆ ಹೊತ್ತಿಗೆ ಬೇರೆ ಊರಲ್ಲಿ, ಮಲಗುವುದು ಹೋಟೆಲ್‌ನಲ್ಲಿ. ಆಮೇಲೆ ಒಂದು ಸ್ಟ್ಯಾಂಡ್‌ಬೈ, ಕರೆದರೆ ಹೋಗಲು ಸಿದ್ಧ ಇರಬೇಕು. ರಜೆ ಮುಗಿದ ಕೂಡಲೇ ಮತ್ತೆ ಬೆಳಗಿನ ಜಾವ. "ಎಲ್ಲಾ ನಿಯಮದ ಒಳಗೇ ಇದೆ ಮಾವ. ಆದರೆ ಸಂಜೆ 7ಕ್ಕೆ ಮಲಗು ಅಂದರೆ ನಿದ್ದೆ ಬರಬೇಕಲ್ಲ" ಅಂದ. ಇಷ್ಟು ಹೇಳಿ ಗೋಡೆಗೆ ಒರಗಿದವನು ಹಾಗೇ ನಿದ್ದೆ ಹೋದ. ಪಕ್ಕದಲ್ಲೇ ಮಕ್ಕಳು ಕಿರುಚಾಡುತ್ತಿದ್ದವು, ಟಿವಿ ಹಚ್ಚಿತ್ತು, ಅವನಿಗೆ ಯಾವುದರ ಪರಿವೆಯೂ ಇರಲಿಲ್ಲ.

ಇದನ್ನು ನೋಡಿದ ಮೇಲೂ ಕಂಪನಿ ಹೆಸರಿನ ಮಾತಾಡುತ್ತೀರಲ್ಲ!

ಇದು ಅವನೊಬ್ಬನ ಸುಖದ ವಿಚಾರ ಅಂದುಕೊಂಡಿದ್ದರೆ ತಪ್ಪು. ಆ ವಿಮಾನದಲ್ಲಿ ಹಿಂದೆ ಸುಮಾರು 180 ಜನ ಕೂತಿರುತ್ತಾರೆ. ಮಂಗಳೂರಿನ ದುರಂತ ಮರೆತುಬಿಟ್ಟೆವಾ? 2010ರ ಮೇ 22. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು, 158 ಜನ ಹೋದರು, ಉಳಿದವರು ಎಂಟೇ ಜನ. ವಿಚಾರಣೆಯಲ್ಲಿ ಏನು ಗೊತ್ತಾಯಿತು? ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ತಾಸಿಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು, ಗೊರಕೆ ಸದ್ದು ಕಾಕ್‌ಪಿಟ್ ರೆಕಾರ್ಡರ್‌ನಲ್ಲಿತ್ತು, ಎದ್ದಮೇಲೂ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ಇಳಿಸಬೇಡಿ, ಮತ್ತೆ ಮೇಲೆ ಏರಿಸಿ ಅಂತ ಕೋ-ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದೂ ಅದೇ ರೆಕಾರ್ಡ್‌ನಲ್ಲಿದೆ. ನಮ್ಮ ಹುಡುಗ ದಿನಾ ಕೂರುವುದು ಆ ಕೋ-ಪೈಲಟ್ ಸೀಟಿನಲ್ಲಿ. ಅಕ್ಕನ ಮುಂದೆ ಈ ಮಾತು ನಾನು ಎತ್ತಲಿಲ್ಲ, ಎತ್ತಲಾರೆ. ಆದರೆ ನನ್ನ ತಲೆಯಲ್ಲಿ ಇದು ಸದಾ ಇರುತ್ತದೆ.

ಸರ್ಕಾರಕ್ಕೂ ಈ ಸುಸ್ತಿನ ವಿಚಾರ ಗೊತ್ತಿದೆ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲೇ ನಿಯಮ ಬದಲಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು, ರಾತ್ರಿ ಲ್ಯಾಂಡಿಂಗ್ ಮಿತಿ ಆರರಿಂದ ಎರಡಕ್ಕೆ ಇಳಿಯಿತು. ಬರೆದದ್ದು ಜಾರಿಗೆ ಬರಲು 2025ರ ಜುಲೈ ಮತ್ತು ನವೆಂಬರ್ ತನಕ ಕಾಯಬೇಕಾಯಿತು. ಆಮೇಲೆ ಡಿಸೆಂಬರ್‌ನಲ್ಲಿ ಏನಾಯಿತು ಅಂತ ನೀವೇ ಟಿವಿಯಲ್ಲಿ ನೋಡಿದಿರಿ. ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾದವು, ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಜನ ಸೂಟ್‌ಕೇಸ್ ಮೇಲೆ ತಲೆಯಿಟ್ಟು ಮಲಗಿದರು. ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಸಿದ್ಧ ಮಾಡಿಕೊಂಡಿರಲಿಲ್ಲ. ಕೊನೆಗೆ ರಾತ್ರಿ ಡ್ಯೂಟಿ ನಿಯಮದಲ್ಲೇ ಆ ಕಂಪನಿಗೆ ಕೆಲವು ಕಾಲ ವಿನಾಯಿತಿ ಕೊಟ್ಟರು. ನಮ್ಮ ಹುಡುಗ ಇರುವುದು ಆ ಕಂಪನಿಯಲ್ಲಿ ಅಲ್ಲ, ಆ ಮಾತು ಬೇರೆ. ನಾನು ಹೇಳುವುದಿಷ್ಟೇ, ನಿಯಮ ಅಂದರೆ ಕನಿಷ್ಠ ಮಿತಿ. ಆ ಮಿತಿಯ ತುದಿಯಲ್ಲೇ ವರ್ಷಪೂರ್ತಿ ಹಾರಿಸುವ ಕಂಪನಿ ಬೇರೆ, ಸ್ವಲ್ಪ ಉಸಿರಾಡಲು ಬಿಡುವ ಕಂಪನಿ ಬೇರೆ. ಕೆಲಸ ಬದಲಿಸುವಾಗ ಪೈಲಟ್ ಮೊದಲು ಅಳೆಯಬೇಕಾದ್ದು ಇದನ್ನು.

"ದೊಡ್ಡ ಕಂಪನಿ ಬಿಟ್ಟು ಚಿಕ್ಕದಕ್ಕೆ ಹೋಗಿ ಅದು ಮುಳುಗಿದರೆ?" ಅಂತ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಮ್ಮ ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟ್‌ನಿಂದ 2017ರಲ್ಲಿ ಟ್ರೂಜೆಟ್ ಶುರುವಾದಾಗ ನಾವೆಲ್ಲ ಎಷ್ಟು ಖುಷಿಪಟ್ಟಿದ್ದೆವು. 2022ರಲ್ಲಿ ಆ ಕಂಪನಿಯ ಹಾರಾಟವೇ ನಿಂತಿತು. ಚಿಕ್ಕದು ಮುಳುಗುತ್ತದೆ, ನಿಜ. ಆದರೆ ದೊಡ್ಡದು ಮುಳುಗಲಿಲ್ಲವಾ? ಕಿಂಗ್‌ಫಿಷರ್‌ಗೆ ಇದ್ದಷ್ಟು ಹೆಸರು ಯಾರಿಗಿತ್ತು? 2012ರ ಅಕ್ಟೋಬರ್‌ನಲ್ಲಿ ನಿಂತಿತು, ತಿಂಗಳುಗಟ್ಟಲೆ ಸಂಬಳ ಬಾಕಿ. ಜೆಟ್ ಏರ್‌ವೇಸ್ ಕಾಲು ಶತಮಾನ ಹಾರಿದ ಕಂಪನಿ, 2019ರ ಏಪ್ರಿಲ್ 17ರ ರಾತ್ರಿ ಕೊನೆಯ ವಿಮಾನ ಇಳಿಯಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಅಲ್ಲಿದ್ದ ಪೈಲಟ್‌ಗಳ ಮನೆಯಲ್ಲೂ "ಇರೋ ನೌಕರಿ ಬಿಡಬ್ಯಾಡಪ್ಪ" ಅಂತ ಹೇಳಿದವರು ಇದ್ದೇ ಇರುತ್ತಾರೆ. ಹೇಳಿದವರಲ್ಲಿ ಯಾರು ಅವರ ಕಂತು ಕಟ್ಟಿದರು?

ನಮ್ಮ ಕಡೆ ನೌಕರಿ ಅಂದರೆ ಸರ್ಕಾರಿ ನೌಕರಿಯ ಲೆಕ್ಕ. ಒಮ್ಮೆ ಸೇರಿದರೆ ರಿಟೈರ್ ಆಗಿಯೇ ಹೊರಗೆ ಬರಬೇಕು. ಮೇಷ್ಟ್ರಿಗೆ, ಬ್ಯಾಂಕಿನವರಿಗೆ ಆ ಲೆಕ್ಕ ಸರಿ. ವಿಮಾನದ ಧಂದೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಈಗ ನಾಲ್ಕನೇ ಪಟ್ಟಿಗೆ ಬರುತ್ತೇನೆ. ಎಲ್ಲರಿಗೂ ಬಹಳ ಇಷ್ಟವಾದ ಸಲಹೆ ಇದೇ ಆಗಿತ್ತು, ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದೂ ಇದಕ್ಕೇ.

ನನ್ನ ಜೀನ್ಸ್ ಯೂನಿಟ್‌ನಲ್ಲಿ ಟೈಲರ್ ಅಡ್ವಾನ್ಸ್ ತಗೊಂಡಿದ್ದರೆ ಅದು ತೀರುವ ತನಕ ಬೇರೆ ಯೂನಿಟ್‌ಗೆ ಹೋಗುವ ಹಾಗಿಲ್ಲ. ತೀರಿತು ಅಂದರೆ ಅವನ ಇಷ್ಟ. ಪೈಲಟ್‌ಗಳ ಬಾಂಡ್ ಸುಮಾರಾಗಿ ಹೀಗೇ. ಕಂಪನಿ ಟ್ರೇನಿಂಗ್ ಕೊಟ್ಟು ಇಷ್ಟು ವರ್ಷ ಇರಬೇಕು ಅಂತ ಬರೆಸಿಕೊಳ್ಳುತ್ತದೆ, ಮೊದಲೇ ಬಿಟ್ಟರೆ ದುಡ್ಡು ಕಟ್ಟಬೇಕು. ನಮ್ಮ ಹುಡುಗನ ಬಾಂಡ್ ತೀರಿದೆ. ಆದರೆ ಪೈಲಟ್‌ಗೆ ಬಾಂಡ್ ತೀರಿದರೂ ಬಿಡುಗಡೆ ಇಲ್ಲ, ನೋಟಿಸ್ ಪಿರಿಯಡ್ ಅಂತ ಬೇರೆ ಇದೆ. ಡಿಜಿಸಿಎ 2017ರಲ್ಲಿ ತಂದ ನಿಯಮ ಹೀಗಿದೆ: ಕೋ-ಪೈಲಟ್ ಆದರೆ ಆರು ತಿಂಗಳು, ಕ್ಯಾಪ್ಟನ್ ಆದರೆ ಒಂದು ವರ್ಷ. ಹಳೇ ಕಂಪನಿ ಎನ್‌ಒಸಿ, ಅಂದರೆ ನಮ್ಮ ಅಡ್ಡಿ ಇಲ್ಲ ಅನ್ನುವ ಪತ್ರ, ಕೊಡದೆ ಹೊಸ ಕಂಪನಿಯಲ್ಲಿ ಹಾರುವ ಹಾಗಿಲ್ಲ. ನೋಟಿಸ್ ಹೊತ್ತಿನಲ್ಲಿ ಕಂಪನಿ ಸಂಬಳ ಸವಲತ್ತು ಕಡಿಮೆ ಮಾಡಿದರೆ ಬೇಗ ಬಿಡಿ ಅಂತ ಕೇಳಬಹುದು, ಅದಕ್ಕೂ ಓಡಾಡಬೇಕು.

ಅಂದರೆ ಈಗ ಹೊರಡುವುದಿದ್ದರೆ ಆರು ತಿಂಗಳು. ನಾಲ್ಕನೇ ಪಟ್ಟಿ ಹಾಕಿಕೊಂಡ ಮೇಲೆ ಹೊರಡುವುದಿದ್ದರೆ ಒಂದು ವರ್ಷ. ಅಷ್ಟೇ ಅಲ್ಲ. ಹೊಸದಾಗಿ ಕ್ಯಾಪ್ಟನ್ ಆದವನನ್ನು ಬೇರೆ ಕಂಪನಿ ನೇರವಾಗಿ ಕ್ಯಾಪ್ಟನ್ ಅಂತ ತೆಗೆದುಕೊಳ್ಳಬೇಕಾದರೆ, ಕ್ಯಾಪ್ಟನ್ ಆಗಿಯೇ ಎಷ್ಟು ಗಂಟೆ ಹಾರಿದ್ದೀಯ ಅಂತ ಕೇಳುತ್ತದೆ. ಆ ಗಂಟೆ ತುಂಬಿಸಲು ಮತ್ತೆ ಅಲ್ಲೇ ಇರಬೇಕು, ಕ್ಯಾಪ್ಟನ್ ಟ್ರೇನಿಂಗ್‌ಗೆ ಹೊಸ ಬಾಂಡ್ ಬರೆಸಿಕೊಂಡರೆ ಅದೂ ಸೇರಿತು. "ಆಮೇಲೆ ಎಲ್ಲಿಗಾದರೂ ಹೋಗು" ಅಂತೀರಲ್ಲ, ಆ "ಆಮೇಲೆ" ಅನ್ನೋದು ವರ್ಷಗಟ್ಟಲೆ ದೂರ ಇದೆ. ಅಷ್ಟೂ ವರ್ಷ ಅದೇ ರೋಸ್ಟರ್.

ನೋಟಿಸ್ ಕೊಡದೆ ಎದ್ದು ಬಂದರೆ ಏನಾಗುತ್ತದೆ ಅಂತ 2023ರಲ್ಲಿ ಆಕಾಸ ಏರ್‌ನಲ್ಲಿ ಕಂಡಿದೆ. 43 ಪೈಲಟ್‌ಗಳು ಏಕಾಏಕಿ ಬಿಟ್ಟರು, ವಿಮಾನಗಳು ರದ್ದಾದವು, ಕಂಪನಿ ಹೈಕೋರ್ಟ್‌ಗೆ ಹೋಯಿತು. ಆ ದಾರಿ ಬೇಡವೇ ಬೇಡ, ಅದನ್ನು ಅವನಿಗೂ ಹೇಳಿದ್ದೇನೆ.

ಹೊಸ ಕಂಪನಿಗೆ ಹೋದರೆ ಸೀನಿಯಾರಿಟಿ ಹೋಗುತ್ತದೆ, ಸಾಲಿನ ಕೊನೆಗೆ ನಿಲ್ಲಬೇಕು ಅನ್ನುವ ಮಾತು ಇದೆ. ಇದು ಅವನೇ ಎತ್ತಿದ್ದು, ತೂಕದ ಮಾತು. ಕ್ಯಾಪ್ಟನ್ ಆಗಲು ಪರೀಕ್ಷೆ, 1500 ಗಂಟೆ ಹಾರಿದ ಮೇಲೆ ಸಿಗುವ ಎಟಿಪಿಎಲ್ ಲೈಸೆನ್ಸ್, ಸಿಮ್ಯುಲೇಟರ್ ಎಲ್ಲಾ ಆದರೂ ಸರದಿ ಬರಬೇಕು. ಆದರೆ ಆ ಸಾಲು ಹೆಚ್ಚಾಗಿ ಮುಂದೆ ಸರಿಯುವುದು ಹೊಸ ವಿಮಾನ ಬಂದಾಗ. ಅವನು ಈಗ ನಿಂತಿರುವ ಸಾಲು ಬಹಳ ದಿನದಿಂದ ಕದಲಿಲ್ಲ. ಪ್ರಾಟ್ ಅಂಡ್ ವಿಟ್ನಿ ಎಂಜಿನ್ ತೊಂದರೆಯಿಂದ ಈ ದೇಶದಲ್ಲಿ ಎಷ್ಟೋ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ, ಗೋ ಫಸ್ಟ್ ತನ್ನ ಕಥೆ ಮುಗಿದದ್ದಕ್ಕೆ ಕೊಟ್ಟ ಕಾರಣವೂ ಅದೇ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಕ್ಕೆ ಆರ್ಡರ್ ಕೊಟ್ಟಾಗ ದೊಡ್ಡ ಸುದ್ದಿ. ಆರ್ಡರ್ ಕೊಟ್ಟ ವಿಮಾನದಲ್ಲಿ ಯಾರೂ ಕ್ಯಾಪ್ಟನ್ ಆಗುವುದಿಲ್ಲ, ಬಂದು ನಿಂತ ವಿಮಾನದಲ್ಲಿ ಆಗುತ್ತಾರೆ. ಚಿಕ್ಕ ಕಂಪನಿಗೂ ಇದೇ ಮಾತು. ಮುಂದಿನ ವರ್ಷ ಇಷ್ಟು ತರುತ್ತೇವೆ ಅಂದರೆ ನಂಬಬೇಡ, ಇವತ್ತು ಎಷ್ಟು ಹಾರುತ್ತಿವೆ ನೋಡು ಅಂದೆ.

ಭಾವ ಒಬ್ಬರ ಭಯ ನನಗೆ ಅರ್ಥವಾಗುತ್ತದೆ. ತುಂಗಭದ್ರಾ ಡ್ಯಾಮಿನ ಗೇಟ್ ಬದಲಿಸುವ ಕೆಲಸ ಅಂತ ಎರಡನೇ ಬೆಳೆಗೆ ನೀರಿಲ್ಲ, ಗದ್ದೆ ಬಿರುಕು ಬಿಟ್ಟು ಬಿದ್ದಿದೆ. ಕಂತು ಪೂರ್ತಿ ಹುಡುಗನ ಸಂಬಳದ ಮೇಲೆ ನಿಂತಿದೆ. ಭಾವ ಊಟದ ಹೊತ್ತಿನಲ್ಲಿ ಒಂದು ಮಾತೂ ಆಡಲಿಲ್ಲ, ಎಲೆ ನೋಡುತ್ತಾ ಕೂತಿದ್ದರು. ಭಾವ, ಇಷ್ಟು ತಿಳಿದುಕೊಳ್ಳಿ. ನೋಟಿಸ್ ತಿಂಗಳುಗಳಲ್ಲಿ ಹಾರುವಷ್ಟೂ ದಿನ ಸಂಬಳ ಬರುತ್ತದೆ. ಅವನು ಕೇಳಬೇಕಾದ್ದು ಮುಂದಿನದು: ಹೊಸ ಕಂಪನಿಯಲ್ಲಿ ಟ್ರೇನಿಂಗ್ ಮುಗಿಸಿ ಮಾಮೂಲಿ ಹಾರಾಟಕ್ಕೆ ಬಿಡುವ ತನಕ ಪೂರ್ತಿ ಸಂಬಳವೋ ಅರ್ಧವೋ, ವಿಮಾನ ನಿಂತು ಹಾರಾಟ ಕಡಿಮೆಯಾದರೂ ತಿಂಗಳಿಗೆ ಎಷ್ಟು ಗಂಟೆಯ ದುಡ್ಡು ಗ್ಯಾರಂಟಿ, ಹೈದರಾಬಾದ್ ಬೇಸ್ ಅಂತ ಆಫರ್ ಲೆಟರ್‌ನಲ್ಲಿ ಬರೆದಿದೆಯೋ ಅಥವಾ ಫೋನಿನಲ್ಲಿ ಹೇಳಿದ್ದೋ, ಅಲ್ಲಿ ಈಗ ಕೆಲಸ ಮಾಡುವವರ ಒಂದು ತಿಂಗಳ ರೋಸ್ಟರ್ ನೋಡಲು ಸಿಗುತ್ತದಾ. ಈ ಉತ್ತರಗಳು ಕೈಗೆ ಬರದೆ ರಾಜೀನಾಮೆ ಬರೆಯಬಾರದು. ಬಂದ ಮೇಲೆ ತಡ ಮಾಡಬಾರದು.

ಜಾಮೀನುದಾರ ನಾನು. ಕಂತು ತಪ್ಪಿದರೆ ಬ್ಯಾಂಕಿನವರು ಕೌಲ್ ಬಜಾರ್‌ನ ನನ್ನ ಮನೆಗೇ ಬರುತ್ತಾರೆ. ಹಾಗಿದ್ದೂ ಹೇಳುತ್ತೇನೆ, ಹೊಸ ಕಂಪನಿಯ ರೋಸ್ಟರ್ ನಿಜಕ್ಕೂ ಈಗಿನದಕ್ಕಿಂತ ಒಳ್ಳೆಯದಿದ್ದರೆ ಅವನು ಹೋಗಬೇಕು. ಸಂಬಳ ಹತ್ತು ರೂಪಾಯಿ ಜಾಸ್ತಿ ಸಿಗದಿದ್ದರೂ ಹೋಗಬೇಕು. ಹೈದರಾಬಾದ್ ಆದರೆ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಮನೆಗೆ ಬರಬಹುದು. ದೆಹಲಿಯಿಂದ ಬರಬೇಕಾದರೆ ವಿಮಾನ, ಆಮೇಲೆ ರಸ್ತೆ, ಸಿಕ್ಕ 48 ಗಂಟೆಯಲ್ಲಿ ಅರ್ಧ ಓಡಾಟಕ್ಕೇ ಹೋಗುತ್ತದೆ. ಅಕ್ಕ ಮಗನ ಮುಖ ಎಷ್ಟು ಸಲ ನೋಡುತ್ತಾಳೆ ಅಂತ ನಾಲ್ಕನೇ ಪಟ್ಟಿಯ ಕಥೆ ಹೇಳಿದ ಯಾರಿಗಾದರೂ ಗೊತ್ತಾ?

ಹೆಣ್ಣು ಕೊಡುವವರು ಕಂಪನಿ ಹೆಸರು ಕೇಳುತ್ತಾರಂತೆ. ಕೇಳಲಿ. ಹೆಸರು ನೋಡಿ ಕೊಡುವ ಮನೆಯ ಹೆಣ್ಣು ನಮಗೆ ಬೇಡ.

ಅವನು ಈ ವಾರದೊಳಗೆ ಉತ್ತರ ಕೊಡಬೇಕಂತೆ. ನಿಮ್ಮಲ್ಲಿ ಯಾರ ಮನೆಯವರಾದರೂ ಹೈದರಾಬಾದ್ ಬೇಸ್‌ನಲ್ಲಿ ಎ320 ಹಾರಿಸುತ್ತಿದ್ದರೆ ನನಗೆ ಮೆಸೇಜ್ ಮಾಡಿ, ಕಂಪನಿ ಹೆಸರು ಅಲ್ಲೇ ಹೇಳುತ್ತೇನೆ, ರಾತ್ರಿ ಡ್ಯೂಟಿ ಎಷ್ಟು ಬರುತ್ತದೆ ಅಂತ ತಿಳಿಸಿದರೆ ದೊಡ್ಡ ಉಪಕಾರ. ಉಳಿದವರು ಏನಾದರೂ ಹೇಳುವುದಿದ್ದರೆ ನನಗೇ ಹೇಳಿ. ಅವನಿಗೆ ಫೋನ್ ಮಾಡಬೇಡಿ. ನಾಳೆಯಿಂದ ಮತ್ತೆ ಬೆಳಗಿನ ಜಾವದ ಡ್ಯೂಟಿ ಇದೆ ಅವನಿಗೆ.