ಉಗುಳುವುದಕ್ಕೂ ಒಂದು ಟಿಕೇಟು

ಉಗುಳಬಾರದು ಎಂಬುದನ್ನು ನನಗೆ ಮೊದಲು ಕಲಿಸಿದ್ದು ಅಪ್ಪನ ಬೆತ್ತ. ಆಮೇಲೆ ಬಸ್ ನಿಲ್ದಾಣದ ಗೋಡೆ, ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು, ಮೆಟ್ರೋ ನಿಲ್ದಾಣದ ಫಲಕಗಳೆಲ್ಲ ಸೇರಿ ಆ ಪಾಠವನ್ನು ಗಟ್ಟಿ ಮಾಡಿಸಿದವು. ಅರವತ್ತು ದಾಟಿದ ಮೇಲೆ ಒಂದು ಬೆಳಗ್ಗೆ, ಕಪ್ಪು ಏಪ್ರನ್ ತೊಟ್ಟ ಹುಡುಗಿಯೊಬ್ಬಳು ಫಳಫಳ ಹೊಳೆಯುವ ಸ್ಟೀಲ್ ಬಕೆಟ್ಟೊಂದನ್ನು ನನ್ನ ಮುಂದೆ ಸರಿಸಿ, ಪೂಜಾರಿ ಹರಿವಾಣ ಹಿಡಿಯುವ ಗಾಂಭೀರ್ಯದಲ್ಲಿ, "ಇದರಲ್ಲಿ ಉಗುಳಬಹುದು ಸರ್" ಎಂದಳು. ಆ ಸೌಭಾಗ್ಯಕ್ಕೆ ತಲೆಗೆ ಇಷ್ಟು ಡಾಲರ್ ಎಂದು ಮೊದಲೇ ವಸೂಲಾಗಿತ್ತು.

ಇದು ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಮಾತು. ಮೆಲ್ಬರ್ನಿನಲ್ಲಿರುವ ಮಗ, ಮೂರು ತಿಂಗಳು ಮೊಮ್ಮಗನನ್ನು ನೋಡಿಕೊಂಡದ್ದಕ್ಕೆ ಕೃತಜ್ಞತೆಯಿಂದಲೋ, ನಾಲ್ಕು ದಿನವಾದರೂ ಮನೆ ತಣ್ಣಗಿರಲಿ ಎಂದೋ, ನಮ್ಮಿಬ್ಬರನ್ನೂ ಅಡಿಲೇಡ್ ವಿಮಾನ ಹತ್ತಿಸಿದ್ದ. "ಎರಡು ದಿನ ಸಮುದ್ರ, ಎರಡು ದಿನ ವೈನ್ ಸೀಮೆ. ಎಲ್ಲ ಬುಕ್ ಆಗಿದೆ ಅಪ್ಪ" ಎಂದ. ಎಲ್ಲ ಬುಕ್ ಆಗಿದೆ ಎಂಬ ಆ ಮಾತನ್ನು ನನ್ನ ಹೆಂಡತಿ ಗಟ್ಟಿಯಾಗಿ ಹಿಡಿದುಕೊಂಡಳು. ಅದರ ಫಲ ಕೊನೆಗೆ ಬರುತ್ತದೆ.

ಅಡಿಲೇಡ್ ಒಳ್ಳೆಯ ಊರು. 1837ರಲ್ಲಿ ಕರ್ನಲ್ ವಿಲಿಯಂ ಲೈಟ್ ಎಂಬಾತ ಸ್ಕೇಲು ಇಟ್ಟು ಗೆರೆ ಎಳೆದಂತೆ ರಸ್ತೆ ಹಾಕಿಸಿ, ಸುತ್ತಲೂ ಉದ್ಯಾನದ ಬೇಲಿ ಕಟ್ಟಿಸುವ ಯೋಜನೆ ಮಾಡಿದ. ಆ ಉದ್ಯಾನ ಬಹುಪಾಲು ಇನ್ನೂ ಉದ್ಯಾನವಾಗಿಯೇ ಉಳಿದಿರುವುದನ್ನು ಕಂಡು ಬೆಂಗಳೂರಿನವನಾದ ನನಗೆ ಸ್ವಲ್ಪ ಅನುಮಾನವೇ ಆಯಿತು. ಟ್ರಾಮ್ ಹತ್ತಿ ಗ್ಲೆನೆಲ್ಗ್ ಕಡಲತೀರಕ್ಕೆ ಹೋದೆವು. ಇಂಗ್ಲಿಷಿನಲ್ಲಿ ಬರೆದರೆ ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಹೆಸರು, ನಮ್ಮ ವಿಕಟಕವಿಯ ಹಾಗೆ. "ಮಲ್ಪೆಯ ಹಾಗೇ ಇದೆ, ಮೀನಿನ ವಾಸನೆ ಇಲ್ಲ ಅಷ್ಟೆ" ಎಂದು ಹೆಂಡತಿ ತೀರ್ಪು ಕೊಟ್ಟಳು. ಕ್ರಿಕೆಟ್ ಮೈದಾನದಲ್ಲಿ ಮಾತ್ರ ನಾನು ಒಂದು ಗಂಟೆ ಕೇಳಿ ಪಡೆದೆ. 2003ರ ಡಿಸೆಂಬರಿನಲ್ಲಿ ನಮ್ಮ ದ್ರಾವಿಡ್ 233 ಹೊಡೆದು, ಎರಡನೇ ಇನಿಂಗ್ಸಿನಲ್ಲಿ ಔಟಾಗದೆ 72 ಹೊಡೆದು ಗೆಲ್ಲಿಸಿದ್ದು ಅಲ್ಲೇ. 2020ರ ಡಿಸೆಂಬರಿನಲ್ಲಿ ತಂಡಕ್ಕೆ ತಂಡವೇ ಸೇರಿ 36 ಹೊಡೆದದ್ದೂ ಅಲ್ಲೇ. ಮೊದಲನೆಯದಕ್ಕೆ ನಾನಾಗಿ ಕೈಮುಗಿದೆ, ಎರಡನೆಯದನ್ನು ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಕೇಳದೆಯೇ ನೆನಪಿಸಿದರು.

ಮೂರನೆಯ ದಿನ ಮಿನಿ ಬಸ್ಸಿನಲ್ಲಿ ಬರೋಸಾಕ್ಕೆ ಹೊರಟೆವು. ಚಾಲಕನೇ ಗೈಡ್. ರಕ್ತದಲ್ಲಿ ಮದ್ಯದ ಅಂಶ ಶೇಕಡಾ 0.05 ಮುಟ್ಟಿದರೆ ಪೊಲೀಸರು ಹಿಡಿಯುವ ದೇಶವಾದ್ದರಿಂದ ಆತ ಇಡೀ ದಿನ ನೀರು ಕುಡಿದು, ವೈನಿನ ಬಗ್ಗೆ ಮಾತ್ರ ಮಾತಾಡಿದ. ಕಣಿವೆಯ ಹೆಸರಿನ ಕಥೆಯನ್ನು ಹೇಳಿದ್ದೂ ಅವನೇ. ಸ್ಪೇನಿನ ಬರೋಸಾದಲ್ಲಿ 1811ರಲ್ಲಿ ಯುದ್ಧ ಗೆದ್ದ ತನ್ನ ಗೆಳೆಯ ಲಾರ್ಡ್ ಲೈನಡಾಕ್‌ನ ನೆನಪಿಗೆ ಕರ್ನಲ್ ಲೈಟ್ ಈ ಬೆಟ್ಟಗಳಿಗೆ ಆ ಹೆಸರಿಟ್ಟನಂತೆ. ಮೂಲದಲ್ಲಿ ಎರಡು ಆರ್, ಒಂದು ಎಸ್. ಕಡತದಲ್ಲಿ ಯಾರೋ ಗುಮಾಸ್ತ ಒಂದು ಆರ್, ಎರಡು ಎಸ್ ಬರೆದ. ಅಲ್ಲಿಗೂ ನಿಲ್ಲದೆ, ಗೆಳೆಯನ ಹೆಸರಿನ ಊರಿನಿಂದಲೂ ಒಂದು ಅಕ್ಷರ ಉದುರಿ ಅದು ಲಿಂಡಾಕ್ ಆಯಿತು. ನಮ್ಮಲ್ಲಿ ಪಹಣಿಯಲ್ಲಿ ಇಷ್ಟು ತಪ್ಪಾದರೆ ಮೂರು ಪ್ರಮಾಣಪತ್ರ, ಎರಡು ಸಾಕ್ಷಿ, ಒಂದು ಜನ್ಮ ಬೇಕು. ಅವರು ತಪ್ಪನ್ನು ಬಾಟಲಿಯ ಮೇಲೆ ಅಂಟಿಸಿ ಲೋಕಕ್ಕೆಲ್ಲ ಮಾರಿದರು. ಈಗ ಆ ತಪ್ಪು ಕಾಗುಣಿತವನ್ನು ಬೇರೆ ಊರಿನವರು ಬಳಸದಂತೆ ಕಾನೂನು ಕಾಯುತ್ತದೆ.

ಕಾನೂನು ಎಂದೆನಲ್ಲ, ಇನ್ನೂ ಒಂದಿದೆ. 2012ರಲ್ಲಿ ಅಲ್ಲಿನ ಶಾಸನಸಭೆ ಬರೋಸಾ ಕಣಿವೆಯ ಚಾರಿತ್ರ್ಯ ರಕ್ಷಣೆಗೆಂದೇ ಒಂದು ಕಾಯ್ದೆ ಮಾಡಿತು. ಹೆಸರು ಕೇಳಿ ಬೆಚ್ಚಬೇಡಿ. ದ್ರಾಕ್ಷಿ ತೋಟಗಳನ್ನು ತುಂಡರಿಸಿ ಮನೆ ಕಟ್ಟಿ ಕಣಿವೆಯನ್ನು ಕೆಡಿಸಬಾರದು ಎಂಬುದೇ ಅದರ ಸಾರ. ಕಿಟಕಿಯಾಚೆ ಮೈಲಿಗಟ್ಟಲೆ ಹಳದಿಗೆ ತಿರುಗಿದ ಬಳ್ಳಿಗಳ ಸಾಲು. ಒಂದು ಕಮಾನಿಲ್ಲ, ಒಂದು ಲೇಔಟಿನ ಕಲ್ಲಿಲ್ಲ, "ಸೈಟುಗಳು ಲಭ್ಯ" ಎಂಬ ಒಂದು ಬೋರ್ಡಿಲ್ಲ. ದೇವನಹಳ್ಳಿಯ ದ್ರಾಕ್ಷಿ ತೋಟಗಳು ಕಣ್ಣೆದುರಿಗೇ ಮೂವತ್ತು ನಲವತ್ತಾಗುವುದನ್ನು ಕಂಡವನು ನಾನು. ಇಷ್ಟೊಂದು ಜಾಗ ಸುಮ್ಮನೆ ಬಿದ್ದಿರುವುದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಮೊದಲ ತೋಟದ ಬಾಗಿಲಲ್ಲೇ ತಡೆದರು. "ಇತ್ತೀಚೆಗೆ ವಿಕ್ಟೋರಿಯಾದ ದ್ರಾಕ್ಷಿ ತೋಟಗಳಿಗೆ ಹೋಗಿದ್ದಿರಾ?" ಹೋಗಿದ್ದೆವು, ಮೆಲ್ಬರ್ನ್ ಇರುವ ರಾಜ್ಯವೇ ಅದು, ಹಿಂದಿನ ವಾರ ಮಗ ಅಲ್ಲಿನ ಯಾರಾ ಕಣಿವೆ ತೋರಿಸಿದ್ದ. ಅಷ್ಟು ಸಾಕಾಯಿತು, ಮೈಲಿಗೆ ಎಂದು ತೀರ್ಮಾನವಾಯಿತು. ದ್ರಾಕ್ಷಿಯ ಬೇರು ತಿನ್ನುವ ಫಿಲೊಕ್ಸೆರಾ ಎಂಬ ಹೇನಿನಂಥ ಕೀಟವೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ತೋಟಗಳನ್ನು ನುಂಗಿ ನೀರು ಕುಡಿಯಿತು. ಅದು ವಿಕ್ಟೋರಿಯಾಕ್ಕೂ ಬಂದಿದೆ, ದಕ್ಷಿಣ ಆಸ್ಟ್ರೇಲಿಯಾಕ್ಕೆ ಕಾಲಿಟ್ಟಿಲ್ಲ. ಆದ್ದರಿಂದಲೇ 1843ರಲ್ಲಿ ನೆಟ್ಟ ಬಳ್ಳಿಗಳು ಇಲ್ಲಿ ಇನ್ನೂ ಹಣ್ಣು ಬಿಡುತ್ತವೆ. ಕೀಟ ನಮ್ಮ ಚಪ್ಪಲಿಯ ಮಣ್ಣಿನಲ್ಲಿ ಬಂದೀತೆಂದು ಕ್ಲೋರಿನ್ ವಾಸನೆಯ ನೀರಿನ ತಟ್ಟೆಯಲ್ಲಿ ನಿಲ್ಲಿಸಿದರು. ನಮ್ಮಲ್ಲಿ ಮಡಿ ಇರುವ ಕಡೆ ಚಪ್ಪಲಿ ಹೊರಗಿರುತ್ತದೆ, ಅಲ್ಲಿ ಚಪ್ಪಲಿಗೇ ಮಡಿ. ಮೂವತ್ತು ವರ್ಷ ನನ್ನ ಅಮ್ಮನ ಮಡಿಯನ್ನು ಅನುಭವಿಸಿದ್ದ ನನ್ನ ಹೆಂಡತಿ ಸೀರೆಯ ನೆರಿಗೆ ಎತ್ತಿ ಹಿಡಿದು ತಟ್ಟೆಯಲ್ಲಿ ನಿಂತು, "ಅತ್ತೆ ಇದನ್ನು ನೋಡಬೇಕಿತ್ತು" ಎಂದಳು.

ಇಷ್ಟೆಲ್ಲ ಮಡಿ ಮಾಡಿ ಒಳಗೆ ಹೋದರೆ ಅಲ್ಲಿ ಆ ಬಕೆಟ್. ಎಂಟು ಜನರ ಎಂಜಲು ಒಂದೇ ಪಾತ್ರೆಗೆ.

ರುಚಿ ನೋಡುವ ಆ ಕೊಠಡಿಗೆ ಸೆಲ್ಲಾರ್ ಡೋರ್ ಎನ್ನುತ್ತಾರೆ. ನೆಲಮಾಳಿಗೆಯ ಬಾಗಿಲು ಎಂದು ಅರ್ಥ. ನಾವು ಹೋದ ಕಡೆ ನೆಲಮಾಳಿಗೆ ಇರಲಿಲ್ಲ, ಬಾಗಿಲು ತಾನಾಗಿ ತೆರೆಯುವ ಗಾಜಿನದು. ವಿಧಿ ಹೀಗಿದೆ. ಲೋಟದ ತಳದಲ್ಲಿ ಆಚಮನಕ್ಕೆ ಸಾಲುವಷ್ಟು ವೈನ್ ಬಿಡುತ್ತಾರೆ. ಅದನ್ನು ಬಿಳಿ ಕಾಗದದ ಮುಂದೆ ಓರೆಯಾಗಿ ಹಿಡಿದು ಬಣ್ಣ ನೋಡಬೇಕು. ಗಿರಗಿರ ತಿರುಗಿಸಬೇಕು. ಮೂಗನ್ನು ಲೋಟದೊಳಕ್ಕೆ ಇಳಿಸಿ ಕಣ್ಣು ಮುಚ್ಚಬೇಕು. ಆಮೇಲೆ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು ಸುರ್ರೆಂದು ಗಾಳಿ ಎಳೆಯಬೇಕು. ಸಾರನ್ನು ಹಾಗೆ ಸುರಿದದ್ದಕ್ಕೆ ಚಿಕ್ಕಂದಿನಲ್ಲಿ ತಿಂದ ಏಟು ನೆನಪಾಯಿತು. ಕೊನೆಗೆ ಉಗುಳುವುದು.

ನನಗೆ ಆಗಲಿಲ್ಲ. ಸಭ್ಯತೆಯ ಪ್ರಶ್ನೆಯಲ್ಲ. ಕಾಸು ಕೊಟ್ಟದ್ದನ್ನು ಉಗುಳುವಷ್ಟು ಅನುಕೂಲಸ್ಥರು ನಮ್ಮ ವಂಶದಲ್ಲಿ ಹಿಂದೆ ಯಾರೂ ಆಗಿರಲಿಲ್ಲ. ಯಲಹಂಕದ ಸಂತೆಯಲ್ಲಿ ಕೊಂಡ ಬೆಂಗಳೂರು ನೀಲಿ ದ್ರಾಕ್ಷಿಯ ಸಿಪ್ಪೆ, ಬೀಜ ಎರಡನ್ನೂ ನಾವು ಧಾರಾಳವಾಗಿ ಉಗುಳಿದವರೇ. ಆದರೆ ನಡುವಿನದನ್ನು ನುಂಗಿಯೇ ಉಗುಳುತ್ತಿದ್ದೆವು. ಎಂಟು ಬಗೆಯ ವೈನನ್ನೂ ನುಂಗಿದೆ.

ನುಂಗಿದವನಿಗೆ ಅವರು ಮಾತು ಉಣಿಸಿದರು. ಶಿರಾಝ್ ಎಂಬ ಈ ಕೆಂಪು ವೈನಿನಲ್ಲಿ ಹಳೆಯ ಚರ್ಮವಿದೆಯಂತೆ, ಪೆನ್ಸಿಲ್ ಮೊನೆಯಿದೆಯಂತೆ, ತಂಬಾಕಿನ ಪೆಟ್ಟಿಗೆ, ಮಳೆಯಲ್ಲಿ ನೆನೆದ ಮಣ್ಣು, ಹಿಂಬದಿಯಲ್ಲಿ ಒಂದಿಷ್ಟು ಹೊಗೆ. ಇದು ನಮ್ಮ ಯಾವುದೇ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ವರ್ಣನೆ. "ದ್ರಾಕ್ಷಿಯ ರುಚಿ ಇದೆಯೇ?" ಎಂದು ಕೇಳಿದೆ. ಮದುವೆಮನೆಯಲ್ಲಿ ವರದಕ್ಷಿಣೆಯ ಮಾತೆತ್ತಿದಂತೆ ಎಲ್ಲರೂ ಬೇರೆ ಕಡೆ ನೋಡಿದರು.

ನನ್ನ ಹೆಂಡತಿ ಕುಡಿಯುವವಳಲ್ಲ. ಆದರೆ ಮೂಸುವುದಕ್ಕೆ ದುಡ್ಡಿಲ್ಲವೆಂದು ಗೊತ್ತಾದ ಮೇಲೆ ನನ್ನ ಪ್ರತಿ ಲೋಟವನ್ನೂ ತೆಗೆದುಕೊಂಡು, ಅಂಗಡಿಯಲ್ಲಿ ಹಿಂಗು ಪರೀಕ್ಷಿಸುವಂತೆ ಮೂಗಿನ ಬಳಿ ಒಂದು ಕ್ಷಣ ಹಿಡಿದು ಕೊಡುತ್ತಿದ್ದಳು. ಈಡನ್ ಕಣಿವೆಯ ಹಳೆಯ ರೀಸ್ಲಿಂಗ್ ಎಂಬ ಬಿಳಿ ವೈನ್ ಬಂತು. ತಿಳಿಹಳದಿ ಬಣ್ಣ. ನಮ್ಮ ಜೊತೆಯ ಜೋಡಿಯೊಂದು ನಿಂಬೆ ಹೂವು ಎಂದಿತು, ಇನ್ನೊಬ್ಬರು ಜೇನು ಎಂದರು. ಹೆಂಡತಿ ಮೂಸಿ ನನಗಷ್ಟೇ ಕೇಳುವಂತೆ, "ಸೀಮೆಎಣ್ಣೆ" ಎಂದಳು. ನಾನು ನಾಚಿಕೊಳ್ಳುತ್ತಲೇ ಅನುವಾದಿಸಿದೆ. ಏಪ್ರನ್ ಹುಡುಗಿ ಬಾಟಲಿ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡಳು. ಹಳತಾದ ರೀಸ್ಲಿಂಗಿನ ಗುರುತೇ ಅದಂತೆ, ಅದನ್ನು ಹಿಡಿಯಲು ವರ್ಷಗಟ್ಟಲೆ ಅಭ್ಯಾಸ ಬೇಕಂತೆ. ಮೇಡಂ ಎಲ್ಲಿ ತರಬೇತಿ ಪಡೆದರು ಎಂದು ಕೇಳಿದಳು.

"ನ್ಯಾಯಬೆಲೆ ಅಂಗಡಿಯಲ್ಲಿ ಎಂದು ಹೇಳಿ" ಎಂದಳು ನನ್ನ ಹೆಂಡತಿ. "ಕಾರ್ಡು, ಕ್ಯಾನು ಹಿಡಿದು ಇಪ್ಪತ್ತು ವರ್ಷ ನಿಂತಿದ್ದೇನೆ."

ಅಲ್ಲಿಂದಾಚೆ ಎಲ್ಲರೂ ಅವಳ ಮೂಗಿನ ಕಡೆಗೇ ನೋಡತೊಡಗಿದರು. ಬಸ್ಸಿನಲ್ಲಿ ಗೈಡ್ ಪೆನ್‌ಫೋಲ್ಡ್ಸ್ ಕಂಪನಿಯ ಗ್ರೇಂಜ್ ಎಂಬ ವೈನಿನ ಪುರಾಣ ಶುರು ಮಾಡಿದ. 1951ರಲ್ಲಿ ಮ್ಯಾಕ್ಸ್ ಶೂಬರ್ಟ್ ಎಂಬಾತ ಅದನ್ನು ಮೊದಲು ಪ್ರಯೋಗಕ್ಕೆಂದು ಮಾಡಿದಾಗ ರುಚಿ ನೋಡಿದವರು ಮುಖ ಕಿವುಚಿದರಂತೆ. ಕಾಡುಹಣ್ಣಿನ ಜೊತೆ ಇರುವೆ ಜಜ್ಜಿ ಹಾಕಿದಂತಿದೆ ಎಂದು ಒಬ್ಬ ಹೇಳಿದನಂತೆ. 1957ರಲ್ಲಿ ಆಡಳಿತ ಮಂಡಳಿ ನಿಲ್ಲಿಸು ಎಂದು ಆಜ್ಞೆ ಮಾಡಿತು. ಶೂಬರ್ಟ್ ಮೂರು ವರ್ಷ ಕದ್ದು ಮಾಡಿದ. ಈಗ ಒಂದು ಬಾಟಲಿಗೆ ಸಾವಿರ ಡಾಲರಿನ ಆಸುಪಾಸು. ಸಾಗರದ ಕಡೆಯವಳಾದ ನನ್ನ ಹೆಂಡತಿಗೆ ಇದರಲ್ಲಿ ಬೆರಗೇನೂ ಕಾಣಲಿಲ್ಲ. "ನಮ್ಮಲ್ಲಿ ಚಗಳಿ ಇರುವೆಯ ಚಟ್ನಿ ಅರೆದು ಊರಿಗೆಲ್ಲ ಹಂಚುತ್ತಿದ್ದರು. ಪುಕ್ಕಟೆ ಕೊಟ್ಟದ್ದೇ ತಪ್ಪಾಯಿತು."

ಸೆಪೆಲ್ಟ್ಸ್‌ಫೀಲ್ಡ್‌ಗೆ ಹೋಗುವ ದಾರಿಯ ಇಕ್ಕೆಲದಲ್ಲೂ ಖರ್ಜೂರ ಜಾತಿಯ ಮರಗಳು, ಎರಡು ಸಾವಿರಕ್ಕೂ ಹೆಚ್ಚು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ಆಳುಗಳಿಂದ ನೆಡಿಸಿದ್ದು. ನಮ್ಮ ಬರ ಪರಿಹಾರ ಕಾಮಗಾರಿಯ ಹಾಗೆಯೇ, ವ್ಯತ್ಯಾಸ ಇಷ್ಟೇ: ಗುಂಡಿ ತೋಡಿದ ಮೇಲೆ ಅದರಲ್ಲಿ ಗಿಡ ನೆಟ್ಟಿದ್ದರು. ಎಲ್ಲರೂ ಇಳಿದು ಫೋಟೋ ತೆಗೆಸಿಕೊಂಡರು. ಹೆಂಡತಿ ಇಳಿಯಲಿಲ್ಲ. ಕೈಯಲ್ಲಿ ಮಜ್ಜಿಗೆ ಬಾಟಲಿ ಇತ್ತು. ಈಚಲು ಮರದ ಕೆಳಗೆ ಮಜ್ಜಿಗೆ ಕುಡಿದವರ ಗತಿ ಏನಾಗುತ್ತದೆಂದು ಅವಳಿಗೆ ಗೊತ್ತು, ಅದೂ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅವಳ ಅಕ್ಕ ಇರುವಾಗ.

ಆ ಜಾಗದ ವೈಶಿಷ್ಟ್ಯವೇ ಬೇರೆ. 1878ರಲ್ಲಿ ಬೆನ್ನೊ ಸೆಪೆಲ್ಟ್ ಒಂದು ದೊಡ್ಡ ಪೀಪಾಯಿ ತುಂಬ ತನ್ನ ಅತ್ಯುತ್ತಮ ವೈನ್ ತುಂಬಿಸಿ, ನೂರು ವರ್ಷ ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ. ಯಾರೂ ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಬೇಡಿ ಎಂದರೆ ಸಂಜೆಯೊಳಗೆ ಅರ್ಧವಾಗಿರುತ್ತದೆ. ಅಂದಿನಿಂದ ಪ್ರತಿ ವರ್ಷವೂ ವೈನ್ ತೆಗೆದಿಟ್ಟಿರುವುದರಿಂದ, ಬಂದವರು ತಾವು ಹುಟ್ಟಿದ ವರ್ಷದ ಪೀಪಾಯಿಯಿಂದಲೇ ರುಚಿ ನೋಡಬಹುದು.

"ಯಾವ ವರ್ಷ ಸರ್?"

ಜಗತ್ತಿನ ಉಳಿದವರಿಗೆ ಸುಲಭದ ಪ್ರಶ್ನೆ. ನಾನು ಹುಟ್ಟಿದ್ದು 1961ರಲ್ಲಿ, ಆರಿದ್ರಾ ಮಳೆ ಹಿಡಿದಾಗ. ಶಾಲೆಗೆ ಸೇರಿಸಲು ವಯಸ್ಸು ಸಾಲದೆಂದು ಹೆಡ್‌ಮಾಸ್ತರರು ಬೆರಳು ಮಡಿಸಿ 1-6-1960 ಎಂದು ಬರೆದರು. ನಮ್ಮ ತರಗತಿಯಲ್ಲಿ ಮುಕ್ಕಾಲು ಪಾಲು ಹುಡುಗರು ಜೂನ್ ಒಂದರಂದೇ ಹುಟ್ಟಿದವರು. ಆ ಒಂದು ಗೀಟಿಗೆ ಬ್ಯಾಂಕಿನಲ್ಲಿ ಒಂದು ವರ್ಷದ ಸಂಬಳ ಕಳೆದುಕೊಂಡು ಬೇಗ ನಿವೃತ್ತನಾದೆ. ಪಾಸ್‌ಪೋರ್ಟಿನಲ್ಲೂ ಅದೇ. ಹುಡುಗಿಗೆ ಇದನ್ನೆಲ್ಲ ವಿವರಿಸಿದೆ. ನಾಲಗೆಯೂ ಅಷ್ಟರಲ್ಲಿ ಸಡಿಲವಾಗಿತ್ತು. ಅವಳಿಗೆ ಅರ್ಥವಾದದ್ದು ಇಷ್ಟು: ಈ ಮನುಷ್ಯ ಎರಡು ಸಲ ಹುಟ್ಟಿದ್ದಾನೆ. ಎರಡೂ ಪೀಪಾಯಿಯಿಂದ ತಂದಳು.

ಕಪ್ಪಗೆ, ಮಂದಗೆ, ಲೋಟದ ಅಂಚಿಗೆ ಅಂಟಿಕೊಂಡು ಇಳಿಯುವ ದ್ರವ. ಹೆಂಡತಿ ಮೊದಲು 1960ನ್ನು ಮೂಸಿದಳು. "ಜೋನಿ ಬೆಲ್ಲ, ತಳ ಹಿಡಿದಿದೆ." ಆಮೇಲೆ 1961. "ಇದೂ ಜೋನಿ ಬೆಲ್ಲವೇ. ಆದರೆ ಇದರಲ್ಲಿ ದ್ರಾಕ್ಷಿ ಹುರಿದ ತುಪ್ಪ ಇದೆ. ಇದೇ ನೀವು." ದ್ರಾಕ್ಷಿ ಎಂಬ ಶಬ್ದವನ್ನು ಆ ಕಣಿವೆಯಲ್ಲಿ ಇಡೀ ದಿನ ಬಾಯಿಬಿಟ್ಟು ಹೇಳಿದ ಇನ್ನೊಂದು ಜೀವ ಅವಳೊಬ್ಬಳೇ. ಅವಳು ಬಾಗಿಲ ಬಳಿ ಖಾಲಿ ಪೀಪಾಯಿಗಳನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದಾಗ ನಾನು ಗೋಡೆಗೆ ಮುಖ ಮಾಡಿ, ಎರಡು ಜನ್ಮದ ಬಿಲ್ಲನ್ನು ಕಾರ್ಡಿನಲ್ಲಿ ತೀರಿಸಿದೆ.

ವಾಪಸಾಗುವ ದಾರಿಯಲ್ಲಿ ಕೊನೆಯ ತಾಣ ಪಿಸುಗುಟ್ಟುವ ಗೋಡೆ. ಬರೋಸಾ ಜಲಾಶಯದ ಅಣೆಕಟ್ಟು ಅದು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿ ಮುಗಿಸಿದ್ದು. ಬಿಲ್ಲಿನಂತೆ ಬಾಗಿರುವುದರಿಂದ ಈ ತುದಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ 140 ಮೀಟರ್ ಆಚೆ ಇರುವವರ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಪ್ರವೇಶ ಉಚಿತ. ಆ ತುದಿಗೆ ಹೆಂಡತಿ ಹೋದಳು. ನಾನು ಈ ತುದಿಯಲ್ಲಿ ಗೋಡೆಗೆ ಒರಗಿ, ತಂಪು ಕಾಂಕ್ರೀಟಿಗೆ ಕೆನ್ನೆಯಿಟ್ಟು, ತಲೆ ಸ್ವಲ್ಪ ನಿಲ್ಲಲಿ ಎಂದು ಕಾಯುತ್ತ, ಜೇಬಿನ ರಸೀದಿ ತೆಗೆದು ನನ್ನಷ್ಟಕ್ಕೆ ಲೆಕ್ಕ ಹಾಕಿದೆ. "ನೂರು ಡಾಲರಿಗೆ ಐದೂವರೆ ಸಾವಿರ. ಎರಡು ಚಮಚಕ್ಕೆ, ದೇವರೇ..."

"ಯಾವುದಕ್ಕೆ ರೀ?"

ಕಿವಿಯ ಪಕ್ಕದಲ್ಲೇ ನಿಂತು ಕೇಳಿದಂತಿತ್ತು. ಬೆಚ್ಚಿ ತಲೆಯೆತ್ತಿದೆ. ದೂರದಲ್ಲಿ ಹೆಬ್ಬೆರಳಷ್ಟು ಎತ್ತರಕ್ಕೆ ಅವಳು, ಸೆರಗು ಗಾಳಿಗೆ ಹಾರುತ್ತಿತ್ತು.

"ಎಲ್ಲ ಬುಕ್ ಆಗಿದೆ ಎಂದಿದ್ದಿರಲ್ಲ?"

ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನನ್ನ ಹಿಂದೆ ಸಾಲಾಗಿ ಸರದಿಗೆ ಕಾದಿದ್ದ ಜೋಡಿಗಳೆಲ್ಲ, ಈ ಪರದೇಶದ ಗಂಡ ಹೆಂಡತಿ ಇಷ್ಟು ಹೊತ್ತು ಏನು ಪ್ರೇಮ ನಿವೇದನೆ ಮಾಡಿಕೊಳ್ಳುತ್ತಾರೋ ಎಂದು ಮುಗುಳ್ನಗುತ್ತ ಕಿವಿಯಾನಿಸಿದರು. 140 ಮೀಟರ್ ಆಚೆಯಿಂದ, ಒಂದಕ್ಷರವೂ ಸೋರದಂತೆ, ಅಚ್ಚ ಕನ್ನಡದಲ್ಲಿ ಅವಳು ನನ್ನನ್ನು ಉಗಿಯತೊಡಗಿದಳು. ಇದಕ್ಕೆ ಮಾತ್ರ ಟಿಕೇಟು ಇರಲಿಲ್ಲ.