ಮನೆಯಲ್ಲಿ ಕಲಿತ ಕೆಲಸವನ್ನು ಇಂಟರ್‌ವ್ಯೂನಲ್ಲಿ ಯಾಕೆ ಬಚ್ಚಿಡುತ್ತೀರಿ?

ರಾಯಚೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ನಾನು ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ಕೊನೆ ವರ್ಷದ ಮಕ್ಕಳನ್ನು ಇಂಟರ್‌ವ್ಯೂಗೆ ತಯಾರು ಮಾಡುವುದೂ ನನ್ನದೇ ಕೆಲಸ. ಕಂಪನಿಯವರು ಬಂದಾಗ ಎಷ್ಟೋ ಸಲ ಅದೇ ಕೋಣೆಯಲ್ಲಿ ಕುಳಿತಿರುತ್ತೇನೆ. ಅಲ್ಲಿ ನೋಡಿದ್ದು ನನ್ನನ್ನು ತುಂಬಾ ಕಾಡುತ್ತಿದೆ.

"ನಿಮ್ಮ ಬಗ್ಗೆ ಹೇಳಿ" ಅಂದ ಕೂಡಲೇ ನಮ್ಮ ಮಕ್ಕಳು ಒಪ್ಪಿಸಲು ಶುರು ಮಾಡುತ್ತಾರೆ. ಹೆಸರು, ಅಪ್ಪನ ಹೆಸರು, ಊರು, ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್. ಆಮೇಲೆ ಬಾಯಿಪಾಠ ಮಾಡಿದ ಇಂಗ್ಲಿಷ್‌ನಲ್ಲಿ ತಾನು ಕಷ್ಟಪಟ್ಟು ದುಡಿಯುವವನು, ಹಾಡು ಕೇಳುವುದು ಹವ್ಯಾಸ. ಎಲ್ಲರದ್ದೂ ಅದೇ. ರೆಸ್ಯೂಮೆಯೂ ಸೈಬರ್ ಸೆಂಟರ್‌ನ ಒಂದೇ ಫೈಲಿನಿಂದ ಬಂದದ್ದು, ಹೆಸರು ಮಾತ್ರ ಬೇರೆ.

ಮಾನ್ವಿ ಕಡೆಯ ಒಬ್ಬ ಹುಡುಗ. ಅವರ ಊರಲ್ಲಿ ಪಂಪ್‌ಸೆಟ್ ಮೋಟಾರು ಸುಟ್ಟರೆ ಜನ ಅವನ ದೊಡ್ಡಪ್ಪನ ವೈಂಡಿಂಗ್ ಅಂಗಡಿಗೆ ತರುತ್ತಾರೆ. ಸುಟ್ಟ ಕಾಯಿಲ್ ಕಿತ್ತು, ಸುತ್ತು ಎಣಿಸಿ, ಅದೇ ಗೇಜಿನ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ, ಕೊನೆಗೆ ಕರೆಂಟು ಸೋರುತ್ತಿಲ್ಲವೇ ಅಂತ ಮೆಗ್ಗರ್ ಮೀಟರ್ ಹಿಡಿದು ನೋಡುವ ತನಕ ಎಲ್ಲವೂ ಅವನಿಗೆ ಬರುತ್ತದೆ. ಭತ್ತಕ್ಕೆ ನೀರು ಬೇಕಾದ ಹೊತ್ತಲ್ಲಿ ಮೋಟಾರು ನಿಂತರೆ ರೈತ ಅಂಗಡಿ ಮುಂದೆಯೇ ಕುಳಿತುಬಿಡುತ್ತಾನೆ. ಅಂಥ ಒತ್ತಡದಲ್ಲಿ ಕೆಲಸ ಕಲಿತ ಹುಡುಗ ಇಂಟರ್‌ವ್ಯೂನಲ್ಲಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಕಂಪನಿಗೆ ಬೇಕಾಗಿದ್ದದ್ದು ಮೋಟಾರು ಮೇಂಟೆನೆನ್ಸ್‌ಗೆ ಜನ! ಹೊರಗೆ ಬಂದ ಮೇಲೆ ಕೇಳಿದೆ. "ಅದು ಮನಿ ಕೆಲ್ಸ ಐತ್ರೀ ಸರ್, ಅದನ್ನೇನು ಹೇಳೋದ್ರೀ ಅಲ್ಲಿ?" ಅಂದ.

ಹೇಳಬೇಕಾದದ್ದು ಅದನ್ನೇ. ಅದೂ ಎಲ್ಲಕ್ಕಿಂತ ಮೊದಲು.

ಮೊದಲು ಅನ್ನುವುದಕ್ಕೆ ಕಾರಣ ಇದೆ. ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1946ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದಿದ್ದಾರೆ. ಒಬ್ಬ ವ್ಯಕ್ತಿಯ ಆರು ಗುಣಗಳನ್ನು ಒಂದು ಗುಂಪಿಗೆ ಓದಿ ಹೇಳಿದರು: ಬುದ್ಧಿವಂತ, ದುಡಿಮೆಗಾರ, ಆತುರದವನು, ಟೀಕಿಸುವವನು, ಹಟಮಾರಿ, ಹೊಟ್ಟೆಕಿಚ್ಚಿನವನು. ಇನ್ನೊಂದು ಗುಂಪಿಗೆ ಇದೇ ಆರನ್ನು ಹಿಂದುಮುಂದಾಗಿ ಓದಿದರು. ಮೊದಲ ಗುಂಪಿಗೆ ಆ ಮನುಷ್ಯ ಕೊರತೆಗಳಿದ್ದರೂ ಸಮರ್ಥ ಅನ್ನಿಸಿದ. ಎರಡನೆಯ ಗುಂಪಿಗೆ ಅವನ ಕೊರತೆಗಳೇ ದೊಡ್ಡದಾಗಿ ಕಂಡವು. ಮೊದಲು ಕೇಳಿದ್ದರ ಬಣ್ಣ ಆಮೇಲೆ ಕೇಳಿದ್ದಕ್ಕೆಲ್ಲ ಹತ್ತಿಕೊಳ್ಳುತ್ತದೆ. ಹಾಗಿರುವಾಗ 54 ಪರ್ಸೆಂಟ್ ಅಂತ ಮಾತು ಶುರು ಮಾಡುವುದು ಯಾಕೆ? ಅದು ಹೇಗೂ ಅವರ ಕೈಯಲ್ಲಿರುವ ಹಾಳೆಯಲ್ಲಿದೆ. "ಸರ್, ನಾನು ರಜೆಯಲ್ಲೆಲ್ಲ ಮೋಟಾರು ವೈಂಡಿಂಗ್ ಮಾಡುತ್ತೇನೆ" ಅಂತ ಶುರು ಮಾಡಿ. ಮುಂದಿನ ಪ್ರಶ್ನೆ ಅದರ ಮೇಲೇ ಬರುವ ಸಾಧ್ಯತೆ ಜಾಸ್ತಿ. ಅದು ನಿಮಗೆ ಗೊತ್ತಿರುವ ಪ್ರಶ್ನೆ.

ಇದನ್ನು ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ, ಅದೂ ನಿಜ. ನಮ್ಮ ಭಾಗದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ 371(ಜೆ) ಬಂದ ಮೇಲೆ ಅಣ್ಣ ಅಕ್ಕಂದಿರೆಲ್ಲ ಸರ್ಕಾರಿ ಪರೀಕ್ಷೆಗೇ ಓದಿದ್ದಾರೆ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂ ಕೂಡ ಇಲ್ಲ. ಅದು ಒಳ್ಳೆಯದೇ ಆಯಿತು. ಆದರೆ ಖಾಸಗಿ ಕಂಪನಿಯ ಬಾಗಿಲಿಗೆ ಹೋಗುವ ಹುಡುಗನಿಗೆ ದಾರಿ ತೋರಿಸುವವರು ಕಡಿಮೆ.

ಬಟ್ಟೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕೋಟು ಯಾಕೆ? ಬಸ್ಸಿನಲ್ಲಿ ಬರುವಾಗ ಇಸ್ತ್ರಿ ಅಂಗಿ ಚೀಲದಲ್ಲಿರಲಿ, ಬಂದ ಮೇಲೆ ಮುಖ ತೊಳೆದು ಹಾಕಿಕೊಳ್ಳಿ. ಮಾರ್ಕ್ಸ್‌ಕಾರ್ಡುಗಳು ಒಂದು ಫೈಲಿನಲ್ಲಿ ಕ್ರಮವಾಗಿರಲಿ. ಅಷ್ಟು ಸಾಕು.

ಭಾಷೆಯ ಭಯ ಮಾತ್ರ ದೊಡ್ಡದು. ಇಂಗ್ಲಿಷ್ ಕಲಿಯಲೇಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಉತ್ತರ ಗೊತ್ತಿದ್ದೂ ಸುಮ್ನೆ ಕೂರುವುದಕ್ಕಿಂತ "ಸರ್, ಕನ್ನಡದಲ್ಲಿ ಹೇಳಲಾ?" ಅಂತ ಕೇಳುವುದು ಸಾವಿರ ಪಾಲು ಮೇಲು. ಸಿಂಧನೂರಿನ ಕಡೆಯ ಮೆಕ್ಯಾನಿಕಲ್ ಹುಡುಗಿಯೊಬ್ಬಳು ಹಾಗೇ ಕೇಳಿದಳು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಗಿತ್ತಲ್ಲ, ಅದರ ಬಗ್ಗೆ ಪ್ರಶ್ನೆ ಬಂದಿತ್ತು. ಚೈನ್ ತುಂಡಾದದ್ದು, ಒತ್ತಡ ಕಡಿಮೆ ಮಾಡಲು ಉಳಿದ ಗೇಟುಗಳನ್ನು ತೆರೆದದ್ದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟಿನ ತುಂಡುಗಳನ್ನು ಕ್ರೇನಿನಿಂದ ಒಂದೊಂದಾಗಿ ಇಳಿಸಿದ್ದು, ಎಲ್ಲವನ್ನೂ ಹಾಳೆಯ ಮೇಲೆ ಚಿತ್ರ ಬರೆದು ಹೇಳಿದಳು. ಅವರ ಗದ್ದೆಗೆ ನೀರು ಬರುವುದು ಎಡದಂಡೆ ನಾಲೆಯಿಂದ. ಆ ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲವಂತೆ. ಕೇಳುತ್ತಿದ್ದವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅವಳಿಗೆ ಕೆಲಸ ಸಿಕ್ಕಿತು. ಇನ್ನೊಂದು ಮಾತು. ರಾಯಚೂರಿನ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡದ ಜೊತೆ ತೆಲುಗು, ಹಿಂದಿ ಎರಡೂ ಬರುತ್ತವೆ. ಹಲವು ರಾಜ್ಯದ ಕೆಲಸಗಾರರಿರುವ ಫ್ಯಾಕ್ಟರಿಯಲ್ಲಿ ಅದು ದೊಡ್ಡ ಬಲ. ಅದನ್ನೂ ಬಾಯಿಬಿಟ್ಟು ಹೇಳಿ.

ಇಂಟರ್‌ವ್ಯೂ ಮಾಡುವವರಿಗೂ ನನ್ನದೊಂದು ತಕರಾರಿದೆ. ಒಳಗೆ ಬಂದ ಹುಡುಗ ತಡವರಿಸಿದ ಕೂಡಲೇ ಕೆಲವರು ಪೆನ್ನು ಕೆಳಗಿಡುತ್ತಾರೆ. ಉಳಿದದ್ದು ಬರೀ ಶಾಸ್ತ್ರ. ಇದು ಅನ್ಯಾಯ. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ, ಒಂದೇ ಅಳತೆಯಲ್ಲಿ ಅಂಕ ಕೊಟ್ಟರೆ ಕೆಲಸಕ್ಕೆ ಸರಿಯಾದವರು ಸಿಗುತ್ತಾರೆ ಎಂದು ಅಧ್ಯಯನಗಳು ಹೇಳುತ್ತಲೇ ಬಂದಿವೆ. ಎಲೆಕ್ಟ್ರಿಕಲ್ ಹುಡುಗನ ಮುಂದೆ ಒಂದು ಸ್ಟಾರ್ಟರ್ ಬಿಚ್ಚಿಡಿ. ಅವನ ಕೈ ಮಾತಾಡುತ್ತದೆ.

ಶಕ್ತಿನಗರ, ಹಟ್ಟಿ, ಗಿಣಿಗೇರಾ, ತೋರಣಗಲ್ಲು ಕಡೆ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ತುಂಬಾ ಜನ ಇದನ್ನು ಓದುತ್ತೀರಿ. ಹಬ್ಬಕ್ಕೆ ಊರಿಗೆ ಬಂದಾಗ ಓಣಿಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು "ನಿನ್ನ ಬಗ್ಗೆ ಹೇಳಪ್ಪ, ಹೇಳಮ್ಮ" ಅಂತ ಕೇಳಿ. ಪರ್ಸೆಂಟೇಜ್‌ನಿಂದ ಶುರು ಮಾಡಿದರೆ ಅಲ್ಲೇ ನಿಲ್ಲಿಸಿ. ಮನೆಯಲ್ಲಿ ಏನು ಕೆಲಸ ಮಾಡುತ್ತೀಯ ಅಂತ ಕೇಳಿ, ಅಲ್ಲಿಂದ ಮತ್ತೆ ಹೇಳಿಸಿ. ಒಂದು ಗಂಟೆ ಸಾಕಾಗುತ್ತದೆ.