ಹೂ ಸಿಕ್ಕಿಸಿಕೊಂಡಿದ್ದ ಆ ಗಾಡಿ ಟ್ಯಾಂಕ್ ಅಲ್ಲ

1974ರ ಏಪ್ರಿಲ್ 25ರಂದು ಪೋರ್ಚುಗಲ್‌ನಲ್ಲಿ ಸೈನಿಕರು ಕ್ರಾಂತಿ ಮಾಡಿ ಸರ್ವಾಧಿಕಾರಿ ಸರ್ಕಾರವನ್ನು ಉರುಳಿಸಿದರು. ಆ ದಿನ ರಾಜಧಾನಿ ಲಿಸ್ಬನ್‌ನಲ್ಲಿ ತೆಗೆದ ಫೋಟೋ ಒಂದು ಆಗಾಗ ಹರಿದಾಡುತ್ತದೆ. ಸೈನಿಕರ ಕೈಯಲ್ಲಿ ಕೆಂಪು ಕಾರ್ನೇಶನ್ ಹೂ, ಹಿಂದೆ ದೊಡ್ಡ ಮಿಲಿಟರಿ ಗಾಡಿ. "ಕ್ರಾಂತಿ ಮಾಡಿದ ಅಮೆರಿಕದ ಟ್ಯಾಂಕ್" ಅಂತ ಕೆಳಗೆ ಬರೆದಿರುತ್ತಾರೆ. ಇದು ತಪ್ಪು.

ಅದು ಶೈಮಿತ್. ನಾಲ್ಕು ಚಕ್ರದ ಕವಚದ ಗಾಡಿ, ಸೈನಿಕರನ್ನು ಹೊತ್ತೊಯ್ಯಲು ಮಾಡಿದ್ದು. ಅಮೆರಿಕದ ವಿ-100 ಕಮಾಂಡೊ ಗಾಡಿಯನ್ನು ತುಂಬಾ ಹೋಲುತ್ತದೆ, ವಿನ್ಯಾಸದ ಮೂಲವೂ ಅದೇ. ಆದರೆ ತಯಾರಿಸಿದ್ದು ಪೋರ್ಚುಗಲ್‌ನ ಬ್ರಾವಿಯಾ ಕಂಪನಿ. ಮೊಜಾಂಬಿಕ್‌ನಲ್ಲಿ 1895ರಲ್ಲಿ ಗುಂಗುನ್ಯಾನ ಎಂಬ ರಾಜನನ್ನು ಪೋರ್ಚುಗೀಸರು ಸೆರೆಹಿಡಿದ ಊರಿನ ಹೆಸರನ್ನೇ ಗಾಡಿಗೆ ಇಟ್ಟರು.

ಕ್ರಾಂತಿಯ ಕಡೆಯ ಕ್ಯಾಪ್ಟನ್ ಸಾಲ್ಗೆಯ್ರೊ ಮಾಯಾ ಸಾಂತರೇಂ ಊರಿನಿಂದ ತಂದ ದಂಡಿನಲ್ಲಿ ಫ್ರಾನ್ಸ್‌ನ ಪನ್ಹಾರ್ ಇಬಿಆರ್ ಎಂಬ ಕವಚದ ಗಾಡಿ ಕೂಡ ಇತ್ತು. ಫಿರಂಗಿ ಇರುವುದರಿಂದ ಅದೂ ಟ್ಯಾಂಕ್‌ನಂತೆ ಕಾಣುತ್ತದೆ. ಆದರೆ ಟ್ಯಾಂಕ್ ಓಡುವುದು ಲೋಹದ ಪಟ್ಟಿಗಳ ಮೇಲೆ; ಇದಕ್ಕೆ ಎಂಟು ಚಕ್ರ, ಎಣಿಸಿ ನೋಡಿ. ರಸ್ತೆಯಲ್ಲಿ ನಡುವಿನ ನಾಲ್ಕು ಲೋಹದ ಚಕ್ರಗಳು ಮೇಲಕ್ಕೆ ಎತ್ತಿಕೊಂಡಿರುತ್ತವೆ, ಕೆಸರಿನಲ್ಲಿ ಮಾತ್ರ ಕೆಳಗಿಳಿಯುತ್ತವೆ.

ನಿಜವಾದ ಟ್ಯಾಂಕ್‌ಗಳನ್ನು, ಅಂದರೆ ಅಮೆರಿಕದ ಎಂ-47 ಪ್ಯಾಟನ್‌ಗಳನ್ನು, ಬೆಳಗ್ಗೆ ಎದುರಿಗೆ ತಂದಿದ್ದು ಸರ್ಕಾರದ ಕಡೆಯವರು! ಗುಂಡು ಹಾರಿಸಿ ಅಂತ ಬ್ರಿಗೇಡಿಯರ್ ಆದೇಶ ಕೊಟ್ಟರು. ಕಾರ್ಪೊರಲ್ ಜುಜೆ ಆಲ್ವೆಸ್ ಕೋಸ್ತಾ ಒಪ್ಪಲಿಲ್ಲ, ಟ್ಯಾಂಕ್‌ನೊಳಗೆ ಬಾಗಿಲು ಹಾಕಿಕೊಂಡು ಕೂತುಬಿಟ್ಟರು. ಕ್ರಾಂತಿಯ ಕಥೆಯಲ್ಲಿ ಹೇಳಲೇಬೇಕಾದ ಗಳಿಗೆ ಇದು. ತಪ್ಪು ಶೀರ್ಷಿಕೆಯಿಂದ ಕಳೆದುಹೋಗುವುದೂ ಇದೇ, ಅಲ್ವಾ?

ಸಂಜೆ ಕಾರ್ಮೊ ಬ್ಯಾರಕ್‌ನಲ್ಲಿ ಶರಣಾದ ಪ್ರಧಾನಿ ಮಾರ್ಸೆಲೊ ಕೈತಾನೊ ಅವರನ್ನು ಕರೆದೊಯ್ದಿದ್ದೂ ಟ್ಯಾಂಕ್ ಅಲ್ಲ. 'ಬುಲಾ' ಎಂಬ ಹೆಸರಿನ ಒಂದು ಶೈಮಿತ್.